ಅಳಿಯಂದಿರು ಮುಟ್ಟದ ಹಿಮ್ಮಡಿ

ಹಿಮ್ಮಡಿ ನೋವಿನವರನ್ನು ನೋಡಲು ಯಾರೂ ಬರುವುದಿಲ್ಲ. ಜ್ವರ ಬಂದರೆ ಓಣಿಯ ಹೆಂಗಸರು ಬಂದು ಹಣೆ ಮುಟ್ಟುತ್ತಾರೆ. ಕೈ ಮುರಿದರೆ ಬೀಗರು ಬಸ್ಸು ಹತ್ತಿ ಬರುತ್ತಾರೆ. ಹಿಮ್ಮಡಿ ಸೀರೆಯ ಅಂಚಿನ ಕೆಳಗೆ ಇರುತ್ತದೆ, ಬಾವು ಕಾಣುವುದಿಲ್ಲ, ರಕ್ತ ಬರುವುದಿಲ್ಲ. ಕುಂಟಿದರೆ ಸೋಮಾರಿ ಅನ್ನುತ್ತಾರೆ, ಕುಂಟದಿದ್ದರೆ ಆರಾಮಾಗಿದ್ದಾಳೆ ಅನ್ನುತ್ತಾರೆ.

ನಾನು ಇದನ್ನು ಬರೆಯುವುದಕ್ಕೆ ಎರಡು ಕಾರಣ. ಬೆಳಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡಲು ಹೆದರುವ ಹೆಣ್ಣುಮಗಳು ಎಲ್ಲೋ ಇದ್ದರೆ, ತಾನೊಬ್ಬಳೇ ಅಲ್ಲ ಎಂದು ಅವಳಿಗೆ ತಿಳಿಯಲಿ ಎಂಬುದು ಒಂದು. ಇನ್ನೊಂದು, ಸಿಟ್ಟು. ದಿನಾ ಲಿಂಗಪೂಜೆ ಮಾಡುವವಳು ಸಿಟ್ಟನ್ನು ಹೀಗೆ ಬಾಯಿಬಿಟ್ಟು ಹೇಳಬಾರದು ಎನ್ನುವವರು ಇದ್ದಾರೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಸಿಟ್ಟಿಲ್ಲ ಎಂದು ಸುಳ್ಳು ಹೇಳಲು ನನ್ನಿಂದ ಆಗುವುದಿಲ್ಲ.

ನಮ್ಮದು ಆಳಂದ ತಾಲೂಕಿನ ನರೋಣಾ. ಎಂಬತ್ತನೇ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಮನೆಯಲ್ಲಿ ಹನ್ನೊಂದು ಮಂದಿ, ನೆಲ ಪೂರ್ತಿ ಫರಸಿ ಕಲ್ಲು. ಬೇಸಿಗೆಯಲ್ಲಿ ಆ ಕಲ್ಲಿನ ಮೇಲೆ ಮಲಗಿದರೆ ಸ್ವರ್ಗ. ಬರಿಗಾಲಲ್ಲಿ ಹದಿನೈದು ವರ್ಷ ಓಡಾಡಿದರೆ ಅದು ಏನು ಮಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಂದು ಬೆಳಗ್ಗೆ ಎದ್ದು ಬಲಗಾಲು ಊರಿದೆ, ಒಳಗೆ ಮುರಿದ ಗಾಜಿನ ಚೂರು ಇದ್ದ ಹಾಗಾಯಿತು. ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲಾಯಿತು. ಮರುದಿನ ಮತ್ತೆ ಅದೇ. ಒಂದು ತಿಂಗಳಲ್ಲಿ ನಾನು ಗೋಡೆ ಹಿಡಿದು ಬಚ್ಚಲಿಗೆ ಹೋಗುವ ಹಾಗಾದೆ.

ಡಾಕ್ಟರಿಗಾಗಿ ದೂರ ಹೋಗಬೇಕಾಗಿರಲಿಲ್ಲ. ಮನೆಯ ಅಳಿಯಂದಿರೇ ಡಾಕ್ಟರು. ನನ್ನ ನಾದಿನಿಯ ಗಂಡ ಆಳಂದದಲ್ಲಿ ಒಬ್ಬ ದೊಡ್ಡ ಡಾಕ್ಟರರ ಕೈಕೆಳಗೆ ಬಹಳ ವರ್ಷ ಕಂಪೌಂಡರ್ ಆಗಿದ್ದು, ಆಮೇಲೆ ತಮ್ಮ ಊರಿನಲ್ಲಿ ದವಾಖಾನೆ ಹಾಕಿಕೊಂಡಿದ್ದರು. ಪ್ರತಿ ಅಮಾವಾಸ್ಯೆ ಗಂಡ ಹೆಂಡತಿ ಇಬ್ಬರೂ ನಮ್ಮೂರಿನ ದೇವರಿಗೆ ಬಂದು, ನಮ್ಮ ಮನೆಯಲ್ಲಿ ಹೋಳಿಗೆ ಊಟ ಮಾಡಿ ಹೋಗುವುದು ರೂಢಿ. ಬಾಗಿಲಲ್ಲಿ ನಾನೇ ತಂಬಿಗೆ ನೀರು ಹಿಡಿದು ಅವರ ಕಾಲಿಗೆ ಹಾಕುತ್ತಿದ್ದೆ.

ಆ ಅಮಾವಾಸ್ಯೆಯ ದಿನ ನಾನು ಹೋಳಿಗೆ ತಂದು ಬಡಿಸುವಾಗ ಕುಂಟುವುದನ್ನು ನೋಡಿದರು.

"ಏನ್ ಆಗ್ಯಾದ್ರಿ ಅಕ್ಕಾರ?"

"ಹಿಮ್ಮಡ ಬ್ಯಾನಿ ರೀ ಅಣ್ಣಾರ. ಕಾಲು ಊರಾಕ ಆಗವಲ್ದು."

"ಅದಕ್ಯಾಕ ಚಿಂತಿ ಮಾಡ್ತೀರಿ? ಒಂದ್ ಸೂಜಿ ಮಾಡಿದ್ರ ಮುಗೀತು."

ಊಟವಾದ ಮೇಲೆ ಚೀಲದಿಂದ ಗಾಜಿನ ಸಿರಿಂಜು ತೆಗೆದರು. ಹೋಳಿಗೆ ಬೇಯಿಸಿದ ಒಲೆಯ ಮೇಲೆಯೇ ನಾನು ಅದನ್ನು ಕುದಿಸಿಕೊಟ್ಟೆ. ನನ್ನನ್ನು ಪಡಸಾಲೆಯಲ್ಲಿ ಬೋರಲು ಮಲಗಿಸಿದರು. ಅತ್ತೆ ನನ್ನ ಪಾದದ ಮೇಲೆ ಟವೆಲ್ ಹಾಕಿ, ಹಿಮ್ಮಡಿಯಷ್ಟೇ ಕಾಣುವ ಹಾಗೆ ಬಿಟ್ಟು, ಕಾಲಿನ ಗಿಣ್ಣು ಗಟ್ಟಿಯಾಗಿ ಹಿಡಿದರು. ಅಳಿಯಂದಿರು ಮುಟ್ಟಲಿಲ್ಲ. ಮುಟ್ಟುವ ಹಾಗಿರಲಿಲ್ಲ. ಹೆಣ್ಣು ಕೊಟ್ಟ ಮನೆಯವರು ಅಳಿಯನ ಕಾಲು ತೊಳೆಯಬೇಕು. ಆ ಮನೆಯ ಸೊಸೆಯ ಕಾಲನ್ನು ಅಳಿಯ ಹಿಡಿದರೆ ಅವರ ಮಾನ ಹೋದಂತೆ, ನಮಗೂ ಪಾಪ. ನಮ್ಮ ಮನೆಯಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ಎಲ್ಲಿ ಬ್ಯಾನಿ ಅದ, ಬಟ್ಟು ಮಾಡಿ ತೋರಸ್ರಿ. ಸಾಕು."

ಬೋರಲು ಮಲಗಿದವಳು ತನ್ನ ಹಿಮ್ಮಡಿಯನ್ನು ಎಷ್ಟು ಸರಿಯಾಗಿ ತೋರಿಸಬಲ್ಲಳು? ಕೈ ಹಿಂದೆ ಚಾಚಿ ಅಂದಾಜಿನ ಮೇಲೆ ನಡುವಿಗೆ ಬೆರಳಿಟ್ಟೆ. ಅವರು ಅಲ್ಲಿಗೇ ಕೆಳಗಿನಿಂದ ನೆಟ್ಟಗೆ ಚುಚ್ಚಿದರು. ಬಾಯಲ್ಲಿ ಸೆರಗು ತುರುಕಿಕೊಂಡಿದ್ದರಿಂದ ನನ್ನ ಕೂಗು ಹೊರಗೆ ಕೇಳಲಿಲ್ಲ.

ಎರಡು ದಿನದಲ್ಲಿ ನೋವು ಮಾಯ. ಇದನ್ನು ನಾನು ಮುಚ್ಚಿಡುವುದಿಲ್ಲ. ಹಾಲಿನ ನೀರಿನಂತಹ ಆ ಔಷಧ ಪವಾಡವನ್ನೇ ಮಾಡಿತು. ಬಾವಿಯಿಂದ ಎರಡು ಕೊಡ ಒಟ್ಟಿಗೇ ತಂದೆ. ಶಿವಾ, ನಿನ್ನ ಉಪಕಾರ ಎಂದು ಖಾಲಿ ಸೀಸೆಯನ್ನು ತೊಳೆದು ಒಣಗಿಸಿ, ಅದರಲ್ಲಿ ವಿಭೂತಿ ತುಂಬಿ ಗೋಡೆಯಲ್ಲಿನ ದೇವರ ಮಾಡಿನಲ್ಲಿ ಇಟ್ಟೆ.

ಇಪ್ಪತ್ತು ದಿನಕ್ಕೆ ನೋವು ತಿರುಗಿ ಬಂತು. ಮುಂದಿನ ಅಮಾವಾಸ್ಯೆಗೆ ಎರಡನೆಯ ಸೂಜಿ. ಈ ಸಲ ಆರಾಮು ಹದಿನೈದು ದಿನ. ಆಮೇಲೆ ಮೂರನೆಯದು, ನಾಲ್ಕನೆಯದು. ಅಳಿಯಂದಿರ ಬರವು ಅಮಾವಾಸ್ಯೆಗೆ, ಸೂಜಿಯೂ ಅಮಾವಾಸ್ಯೆಗೆ. ಎರಡರ ನಡುವೆ ಎಷ್ಟು ದಿನ ಬಿಡಬೇಕು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೂರನೆಯ ಸಲ ಮಾತ್ರ, "ಯಾವ ಔಷಧ ರೀ ಅಣ್ಣಾರ ಇದು?" ಎಂದೆ.

ಅವರು ನಕ್ಕರು. "ಹೇಳಿದ್ರ ತಿಳೀತದೇನ್ರಿ ನಿಮಗ?"

ನಾದಿನಿಯೂ ನಕ್ಕಳು. "ಅಮಾಸಿ ಹತ್ರ ಬಂತಂದ್ರ ನಮ್ ವೈನಿ ಹಿಮ್ಮಡ ಶುರು ಆಗ್ತದ. ಹೋಳಿಗಿ ಬಡಿಯೋದು ತಪ್ಪಲಿ ಅಂತ."

ಆ ದಿನ ನಾನು ನಲವತ್ತು ಹೋಳಿಗೆ ಬಡಿದಿದ್ದೆ.

ನಾಲ್ಕನೆಯ ಸೂಜಿಯ ನಂತರ ಅಫಜಲಪುರದಲ್ಲಿ ನಮ್ಮಕ್ಕನ ಬಸುರಿ ಮಗಳಿಗೆ ಕುಬುಸದ ಕಾರ್ಯ ಇತ್ತು. ನಾನು ಕುಂಟುವುದು ನೋಡಿ ಅಕ್ಕ ಅಲ್ಲಿಯ ಒಬ್ಬ ಡಾಕ್ಟರರ ಕಡೆ ಕರೆದುಕೊಂಡು ಹೋದಳು. ಬೆಳಗ್ಗೆ ಹೋದವರು ಮಧ್ಯಾಹ್ನದವರೆಗೆ ಕುಳಿತೆವು. ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಹಲ್ಲಿಲ್ಲದ ಮುದುಕಿಯೊಬ್ಬಳು ತನ್ನ ಚಪ್ಪಲಿ ಬಿಚ್ಚಿ ನನ್ನ ಕಾಲಿನ ಕೆಳಗೆ ತಳ್ಳಿದಳು. "ನೆಲ ತಂಪದ, ಇದರ ಮ್ಯಾಲ ಇಡು ಮಗಳೇ" ಎಂದಳು. ಅವಳ ಹೆಸರು ಕೇಳಲಿಲ್ಲ, ಆದರೆ ಆ ಚಪ್ಪಲಿಯ ಬಿಸುಪು ಇಂದಿಗೂ ನೆನಪಿದೆ.

ಡಾಕ್ಟರು ನನ್ನ ಮುಖ ನೋಡಿದರು, ಚೀಟಿ ಬರೆದರು. ಕಾಲು ಇರುವುದು ಮೇಜಿನ ಕೆಳಗೆ, ಅವರು ಬಗ್ಗಲಿಲ್ಲ. ಮೂರು ದಿನ ಸೊಂಟಕ್ಕೆ ಸೂಜಿ. ಚುಚ್ಚುವಾಗ ನೋವು ಕಡಿಮೆ, ಅರ್ಧ ತಾಸಿನಲ್ಲಿ ಹಿಮ್ಮಡಿ ಮರಗಟ್ಟಿದಂತಾಗುತ್ತಿತ್ತು. ಸಂಜೆಯಾಗುತ್ತಲೇ ಔಷಧದ ಅಮಲು ಇಳಿದು ನೋವು ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಮೂರನೆಯ ದಿನ ಹೊಟ್ಟೆಯಲ್ಲಿ ಬೆಂಕಿ ಬಿದ್ದು ಕುಬುಸದ ಊಟವನ್ನೂ ಮುಟ್ಟಲಾಗಲಿಲ್ಲ.

ಊರಿಗೆ ಬಂದಾಗ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಅಮಾವಾಸ್ಯೆಯ ದಿನ ಅಳಿಯಂದಿರು ಎಲೆಯ ಮುಂದೆ ಕೂತು ಕೈ ತೊಳೆಯಲಿಲ್ಲ.

"ಮನ್ಯಾಗ ಡಾಕ್ಟರ್ ಇಟ್ಕೊಂಡು ಅಫಜಲಪುರಕ್ಕ ಹೋಗ್ಯಾರ. ನಾಲ್ಕ್ ಮಂದ್ಯಾಗ ನನ್ನ ಮಾನ ಏನ್ ಉಳೀತ್ರಿ?"

ಅತ್ತೆ ನನ್ನ ಕಡೆ ತಿರುಗಿದರು. "ಕಾಲಿಗಿ ಬೀಳು."

ನಾನು ಗಂಡನ ಮುಖ ನೋಡಿದೆ. ಅವರು ಗೋಡೆ ನೋಡಿದರು. ಹಿಮ್ಮಡಿ ನೋಯುವವರಿಗೆ ನೆಲಕ್ಕೆ ಬಗ್ಗಿ ಏಳುವುದು ಎಂದರೆ ಏನು ಎಂದು ಗೊತ್ತಿರುತ್ತದೆ. ಬಗ್ಗಿದೆ. ಅವರ ಎರಡೂ ಪಾದ ಮುಟ್ಟಿ ಹಣೆಗೆ ಒತ್ತಿಕೊಂಡೆ. ಏಳಲು ಆಗದೆ ಎರಡೂ ಕೈ ಊರಿದಾಗ ಅವರು ನೀರಿಗೆ ಕೈ ಚಾಚಿದರು, ಊಟ ಮಾಡಿದರು. ಊಟದ ನಂತರ ಟವೆಲ್ ಬಂತು, ಐದನೆಯ ಸೂಜಿಯೂ ಬಿತ್ತು.

ಮಲಗಿದಲ್ಲಿಯೇ ನಾನು ನಿಶ್ಚಯ ಮಾಡಿಕೊಂಡೆ. ಈ ಮನುಷ್ಯನ ಕೈಯಿಂದ ನನ್ನ ಕಾಲು ಹಿಡಿಸುತ್ತೇನೆ. ಇದೇ ಪಡಸಾಲೆಯಲ್ಲಿ, ಇದೇ ಜನರ ಮುಂದೆ. ಯಾವಾಗ, ಹೇಗೆ ಎಂದು ಗೊತ್ತಿರಲಿಲ್ಲ. ಹಿಡಿಸದೆ ನನ್ನ ಎದೆ ತಣ್ಣಗಾಗುವುದಿಲ್ಲ ಎನ್ನುವುದಷ್ಟೇ ಗೊತ್ತಿತ್ತು.

ಆ ಸೂಜಿಯ ಮೂರನೆಯ ದಿನ ಹಿತ್ತಲ ಮೆಟ್ಟಿಲು ಇಳಿಯುತ್ತಿದ್ದೆ. ಹಿಮ್ಮಡಿಯಲ್ಲಿ ಹಸಿ ಬಟ್ಟೆ ಹರಿದ ಸದ್ದಾಯಿತು. ಸದ್ದು ನನಗೆ ಕೇಳಿಸಿತು, ಸುಳ್ಳಲ್ಲ. ಕೊಡದೊಂದಿಗೆ ಬಿದ್ದೆ. ಸಂಜೆಗೆ ಅಂಗಾಲು ಬದನೆಕಾಯಿ ಬಣ್ಣವಾಯಿತು. ಅತ್ತೆ ಬಂದು ನೋಡಿ, "ಕೊಡ ನೆಗ್ಗಿತಲ್ಲ" ಎಂದರು.

ಶಿವ ದೊಡ್ಡವನು. ಅದೇ ವಾರ ನಾಗರ ಪಂಚಮಿ. ಹಬ್ಬಕ್ಕೆ ಹೆಣ್ಣುಮಗಳನ್ನು ತವರಿಗೆ ಕಳಿಸುವುದಿಲ್ಲ ಎನ್ನಲು ಯಾವ ಅತ್ತೆಗೂ ಬಾಯಿ ಬರುವುದಿಲ್ಲ. ಜೇವರ್ಗಿಯಿಂದ ನನ್ನ ಅಣ್ಣ ಕರೆಯಲು ಬಂದ. ಕಲಬುರ್ಗಿಯಲ್ಲಿ ಬಸ್ಸು ಬದಲಿಸುವಾಗ ನನ್ನನ್ನು ಎತ್ತಿಕೊಂಡೇ ನಡೆದ. ಮೂವತ್ತೈದರ ಹೆಂಗಸನ್ನು ಅಣ್ಣ ಎತ್ತಿಕೊಂಡು ನಡೆಯುವುದನ್ನು ಬಸ್‌ಸ್ಟ್ಯಾಂಡೆಲ್ಲ ನೋಡಿತು. ನಾಚಿಕೆ ಆಗಬೇಕಿತ್ತು. ನನಗೆ ನಿದ್ದೆ ಬಂದ ಹಾಗಾಯಿತು.

"ಔಷಧದ ಸೀಸೆ ಏನರ ಇದ್ರ ತಗೋ" ಎಂದು ಅಣ್ಣ ಹೊರಡುವಾಗಲೇ ಹೇಳಿದ್ದ. ವಿಭೂತಿಯ ಸೀಸೆ ತಂದಿದ್ದೆ.

ಜೇವರ್ಗಿಯಲ್ಲಿ ಎಲುಬಿನ ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಬಿಳಿ ಗಡ್ಡದ ಮುಸಲ್ಮಾನ ಹಿರಿಯರು. ಹೊರಗೆ ಅಂಗಳದಲ್ಲಿ ಅರವತ್ತು ಮಂದಿ, ಬೇವಿನ ನೆರಳು ಇಪ್ಪತ್ತು ಮಂದಿಗೆ. ನನ್ನ ಪಾಳಿ ಬಂದಾಗ ಅವರು ಸ್ಟೂಲು ಎಳೆದು ನನ್ನ ಎದುರು ಕೂತು, ನನ್ನ ಕಾಲನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ನಾನು ಗಾಬರಿಯಾಗಿ ಎಳೆದುಕೊಂಡೆ.

"ಕಾಲಿಗಿ ಯಾಕ ನಾಚ್ಕಿ ಅವ್ವಾ? ನನ್ನ ರೊಟ್ಟಿ ಇದರಾಗೇ ಅದ" ಎಂದು ಮತ್ತೆ ಎಳೆದುಕೊಂಡರು.

ಹೆಬ್ಬೆರಳಿನಿಂದ ಒತ್ತತೊಡಗಿದರು. "ಇಲ್ಲೇನು? ಇಲ್ಲೇನು?" ನಡುವಿನಲ್ಲಿ ಅಲ್ಲ, ಹಿಂದೆ ಅಲ್ಲ. ಒಳಮಗ್ಗುಲಿಗೆ, ಸ್ವಲ್ಪ ಮುಂದಕ್ಕೆ ಬಂದು ಒಂದು ಕಡೆ ಒತ್ತಿದರು. ನಾನು ಕಿರುಚಿದ್ದಕ್ಕೆ ಅಂಗಳದಲ್ಲಿದ್ದವರು ಎದ್ದು ನಿಂತರಂತೆ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒಳಗೆ ಸಂತೋಷವಾಗಿತ್ತು. ಹೇಗೆ ಹೇಳಲಿ? ಆರು ತಿಂಗಳಾಗುತ್ತ ಬಂದಿತ್ತು, ನನ್ನ ನೋವು ಇರುವ ಮನೆಗೆ ಅದೇ ಮೊದಲ ಸಲ ಒಬ್ಬರು ಬಂದು ಬಾಗಿಲು ಬಡಿದಿದ್ದರು.

"ಎಷ್ಟು ಸೂಜಿ ಆಗ್ಯಾವ?"

"ಐದ್ರಿ."

"ಎಷ್ಟ್ ದಿನಕ್ಕ ಒಂದು?"

"ಅಮಾಸಿಗೊಂದ್ರಿ."

"ಅಮಾಸಿಗಿ? ಸೂಜಿಗೂ ಅಮಾಸಿಗೂ ಏನ್ ಸಂಬಂಧ ಅವ್ವಾ?"

"ಅಳಿಯಂದಿರು ಅಮಾಸಿಗಿ ಬರ್ತಾರಲ್ರಿ."

ಅವರು ನಗಲು ಹೋಗಿ ನಿಲ್ಲಿಸಿದರು. ಸೀಸೆ ಕೊಟ್ಟೆ. ವಿಭೂತಿ ಒರೆಸಿ ಅದರ ಮೇಲೆ ಅಂಟಿಸಿದ್ದ ಚೀಟಿ ಓದಿದರು. ಎದ್ದು ಹೋಗಿ ತಮ್ಮ ಕಪಾಟಿನಿಂದ ಇನ್ನೊಂದು ಸೀಸೆ ತಂದು ಪಕ್ಕದಲ್ಲಿ ಇಟ್ಟರು. ಅದೇ ಸೀಸೆ, ಅದೇ ಹಾಲಿನ ನೀರು.

ನನ್ನ ಸಿಟ್ಟಿಗೆ ಕಾಲೇ ಇಲ್ಲದಂತಾಯಿತು. ಅದು ವಿಷವಾಗಿರಲಿ ಎಂದು ನಾನು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದೆ.

"ಔಷಧ ಛಲೋದೇ ಅದ" ಎಂದರು. "ನಾನೂ ಇದನ್ನೇ ಮಾಡ್ತೇನಿ. ಒಂದು, ಭಾಳಂದ್ರ ಎರಡು, ನಡುವ ತಿಂಗಳಗಟ್ಲೆ ಬಿಟ್ಟು. ಬೆರಳು ಇಟ್ಟು ಜಾಗಾ ಹಿಡೀತೇನಿ, ಬಾಜೂಕಿನಿಂದ ಹಾಕ್ತೇನಿ. ಹಿಮ್ಮಡದ ಕೆಳಗ ಮಾಲಿಕ ಒಂದು ಮೆತ್ತಿ ಇಟ್ಟಾನ. ಆ ಮೆತ್ತ್ಯಾಗೇ ಐದು ಸಲ ಸುರುವ್ಯಾರ. ಮೆತ್ತಿ ಕರಗ್ಯಾದ. ಅಂಗಾಲಿನ ಒಳಗಿನ ಪಟ್ಟಿ ಸೋತು ಹರದದ. ಕಾಲು ಹಿಡದು ನೋಡ್ಲಿಲ್ಲೇನು ಅವರು?"

"ಅಳಿಯಂದಿರು ಹೆಂಗ ಹಿಡೀತಾರ್ರಿ?"

ಅವರಿಗೆ ಅರ್ಥವಾಯಿತು. ನನ್ನ ಕಾಲನ್ನು ಮೆಲ್ಲಗೆ ನೆಲಕ್ಕಿಟ್ಟರು.

"ನೀವಾದ್ರೂ ಒಂದ್ ಸೂಜಿ ಮಾಡ್ರಿ ಸಾಹೇಬ್ರ" ಎಂದು ಕೈಮುಗಿದೆ. ಅಷ್ಟು ದೂರ ಬಂದು ಬರಿಗೈಲಿ ಹೋಗುವುದು ಹೇಗೆ ಎನಿಸಿತ್ತು.

"ಮಾಡಂಗಿಲ್ಲ. ಇದೇ ನನ್ನ ಇಲಾಜು."

ಸೂಜಿ ಮಾಡಲು ಒಪ್ಪದ ಡಾಕ್ಟರನ್ನು ನಾನು ಕಂಡಿದ್ದು ಅದೇ ಮೊದಲು. ಹೊರಗೆ ಬಂದು ಅಣ್ಣನ ಮುಂದೆ ಕಣ್ಣೀರು ಹಾಕಿದೆ. ಆದರೆ ಮೂವರು ಡಾಕ್ಟರರ ಸೂಜಿಗಳಲ್ಲಿ ನನಗೆ ಗುಣ ಕೊಟ್ಟದ್ದು ಚುಚ್ಚದೆ ಉಳಿದ ಆ ಸೂಜಿಯೇ. ಪಟ್ಟಿ ಸುತ್ತಿ ಆರು ವಾರ ತವರಿನಲ್ಲಿ ಕೂರಿಸಿದರು. ಏಳುವ ಮುಂಚೆ ಟವೆಲನ್ನು ಪಾದಕ್ಕೆ ಹಾಕಿ ಎಳೆದುಕೊಳ್ಳುವುದನ್ನು ಕಲಿಸಿದರು. ಕಲ್ಲಿನ ಮೇಲೆ ಬರಿಗಾಲು ಇಡಬೇಡ, ಅಡುಗೆಮನೆಯಲ್ಲೂ ಇಡಬೇಡ ಎಂದರು.

ನರೋಣಾಕ್ಕೆ ತಿರುಗಿ ಬಂದಾಗ ಈ ಕೊನೆಯ ಮಾತಿಗೆ ಜಗಳವಾಯಿತು. "ಒಲಿ ಮುಂದ ಚಪ್ಪಲಿ? ಲಿಂಗ ಕಟ್ಟಿದವರ ಮನ್ಯಾಗ?" ಎಂದು ಅತ್ತೆ. ಅದು ನನಗೂ ಸರಿ ಕಾಣಲಿಲ್ಲ. ಹಳೆಯ ಕೌದಿ ಕತ್ತರಿಸಿ ಎಂಟು ಪದರು ಹೊಲಿದು ಕಾಲಿಗೆ ಕಟ್ಟಿಕೊಂಡೆ. ಅತ್ತೆ ಅದಕ್ಕೂ ಬಾಯಿ ತೆರೆದಾಗ ನನ್ನ ಗಂಡ ಉಣ್ಣುತ್ತಿದ್ದವರು ತಲೆ ಎತ್ತಿ, "ಬಟ್ಟಿ ಅದ ಯವ್ವಾ, ಚರ್ಮ ಅಲ್ಲ. ಕಟ್ಕೊಳ್ಳಿ ಬಿಡು" ಎಂದರು. ಅವರು ಗೋಡೆ ನೋಡದೆ ಆಡಿದ ಮೊದಲ ಮಾತು. ಅದನ್ನೂ ಉಪಕಾರದ ಲೆಕ್ಕಕ್ಕೆ ಸೇರಿಸಿಕೊಂಡೆ.

ಮೂರು ತಿಂಗಳಲ್ಲಿ ಗೋಡೆ ಬಿಟ್ಟು ನಡೆದೆ. ರೊಟ್ಟಿ ತಟ್ಟುವಾಗಲೆಲ್ಲ ಅಳಿಯಂದಿರಿಗೆ ಹೇಳುವ ಮಾತು ಜೋಡಿಸುತ್ತಿದ್ದೆ. ತಟ್ಟಿ ತಟ್ಟಿ ರೊಟ್ಟಿ ಹರಿಯುತ್ತಿದ್ದವು. ಅವರು ಮುನಿಸಿನಿಂದ ಎರಡು ಅಮಾವಾಸ್ಯೆ ಬಂದಿರಲಿಲ್ಲ. ಮೂರನೆಯದಕ್ಕೆ ಬಂದರು. ಬಾಗಿಲಲ್ಲಿ ಕಾಲಿಗೆ ನೀರು ಹಾಕಿದೆ. ಪಡಸಾಲೆಯಲ್ಲಿ ಕೂತು ನನ್ನ ನಡಿಗೆ ನೋಡಿದರು.

"ಜೇವರ್ಗ್ಯಾಗ ಏನ್ ಸೂಜಿ ಮಾಡಿದ್ರಂತ್ರಿ ಅಕ್ಕಾರ?"

"ಮಾಡ್ಲಿಲ್ರಿ."

"ಮತ್ತ ಹೆಂಗ ಆರಾಮ ಆಯ್ತು?"

"ಕಾಲು ಹಿಡದು ನೋಡಿದ್ರು."

ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಬಾಯಿಂದ ಬಂದದ್ದು ಇಷ್ಟೇ: "ನೀವೂ ಒಮ್ಮಿ ಹಿಡದು ನೋಡ್ರಿ."

ಅತ್ತೆ ಎದ್ದು ನಿಂತರು. "ಏ ಹುಚ್ಚಿ! ತಲಿ ಕೆಟ್ಟದೇನು? ಅಳಿಯಾಗ ಕಾಲು ಹಿಡಿ ಅಂತೀದಿ?"

ನಾದಿನಿ ಬಂದು ನನ್ನ ಕೈ ಹಿಡಿದಳು. "ವೈನಿ, ನನ್ನ ಮಾರಿ ನೋಡಿ ಬಿಡ್ರಿ."

"ಇವರ ಕಾಲಿಗಿ ನಾ ಬಿದ್ದಾಗ ನೀ ಯಾರ ಮಾರಿ ನೋಡಿದ್ದಿ ಬೇ?"

ಅವಳು ಕೈ ಬಿಟ್ಟಳು. ಅಳಿಯಂದಿರು ಚೀಲ ಎತ್ತಿಕೊಂಡು ಏಳಲು ಹೋದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಹೋಗ್ರಿ. ಮುಂದಿನ ವಾರ ನಾನೇ ನಿಮ್ಮ ದವಾಖಾನಿಗಿ ಬರ್ತೇನಿ. ಬೆಂಚಿನ ಮ್ಯಾಲ ಕುಂತ ಹೆಣ್ಮಕ್ಕಳ ಮುಂದ ಈ ಕಾಲು ಚಾಚ್ತೇನಿ. ಐದು ಸೂಜಿ, ಒಮ್ಮಿನೂ ಮುಟ್ಟಿಲ್ಲ ಅಂತ ಹೇಳ್ತೇನಿ. ಅಲ್ಲಿ ಹಿಡೀತೀರೋ, ಇಲ್ಲಿ ಹಿಡೀತೀರೋ?"

ನನ್ನ ಗಂಡ ಒಳಗೆ ಹೋದರು. ಎಂದಿನಂತೆ ತಪ್ಪಿಸಿಕೊಂಡರು ಎಂದುಕೊಂಡೆ. ಕೈಯಲ್ಲಿ ಕುರ್ಚಿ ಹಿಡಿದು ಬಂದು, ಪಡಸಾಲೆಯ ನಡುವೆ ಇಟ್ಟು, ನನಗೆ ಕೂರಲು ಸನ್ನೆ ಮಾಡಿದರು. ನಾನು ಕೂತೆ. ಇನ್ನು ಅಳಿಯಂದಿರಿಗೆ ಇದ್ದ ಜಾಗ ನೆಲ ಒಂದೇ.

ಅಳಿಯಂದಿರು ಚೀಲ ಕೆಳಗಿಟ್ಟು ನನ್ನ ಕಾಲಿನ ಮುಂದೆ ಕೂತರು. ನಾನು ಕೌದಿಯ ಕಟ್ಟು ಬಿಚ್ಚಿದೆ. ಎರಡು ಬೆರಳಿನಿಂದ ಕಸ ಎತ್ತುವವರ ಹಾಗೆ ಹಿಡಿದರು.

"ಹಂಗಲ್ರಿ. ಹೆಬ್ಬಟ್ಟಿನಿಂದ ಒತ್ರಿ. ಎಲ್ಲಿ ಬ್ಯಾನಿ ಅದ, ನಾ ತೋರಸಂಗಿಲ್ಲ. ನೀವ್ ಹುಡಕ್ರಿ."

ಒತ್ತಿದರು. ನಡುವಿನಲ್ಲಿ ಒತ್ತಿ ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದೆ. ಹಿಂದೆ ಒತ್ತಿದರು. ಸುಮ್ಮನಿದ್ದೆ. ನಿಧಾನವಾಗಿ ಅವರ ಬೆರಳಿಗೆ ಆಸಕ್ತಿ ಬಂತು. ಅದನ್ನು ನಾನು ಕಂಡೆ, ಕಂಡದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಕೆಲಸ ಗೊತ್ತಿದ್ದ ಕೈ ಅದು. ಒಳಮಗ್ಗುಲಿಗೆ ಬಂದು, ಸ್ವಲ್ಪ ಮುಂದೆ ಸರಿದು ಒತ್ತಿದಾಗ ನನ್ನ ಕಾಲು ತಾನೇ ಎಗರಿತು.

ಅವರು ಬೆರಳು ಅಲ್ಲೇ ಇಟ್ಟುಕೊಂಡು ಕೂತರು. ಆಮೇಲೆ ಯಾರಿಗೂ ಅಲ್ಲ ಎನ್ನುವ ಹಾಗೆ, "ಇಲ್ಲಿ ನಾ ಒಂದೂ ಹಾಕಿಲ್ಲ" ಎಂದರು.

ಅತ್ತೆಗೆ ಕೇಳಿಸಿತು. ನಾದಿನಿಗೂ ಕೇಳಿಸಿತು. ಅತ್ತೆ ಅಳಿಯನ ಕೈ ತೊಳೆಸಲು ತಂಬಿಗೆ ಹಿಡಿದು ಓಡಿ ಬಂದವರು, ನನ್ನ ಹಿಮ್ಮಡಿ ನೋಡುತ್ತ ನೀರನ್ನು ಅವರ ಕೈಗೆ ಹಾಕದೆ ಫರಸಿಯ ಮೇಲೆ ಸುರಿದರು.

ಆ ದಿನವೂ ಅಳಿಯಂದಿರು ಉಂಡರು. ಹೋಳಿಗೆಯ ಮೇಲೆ ನಾನು ತುಪ್ಪ ಕಡಿಮೆ ಹಾಕಲಿಲ್ಲ. ತಪ್ಪಾಯಿತು ಎಂದು ಅವರು ಅನ್ನಲಿಲ್ಲ, ನಾನೂ ಅನ್ನಿಸಲಿಲ್ಲ. ಆಮೇಲೆ ಅವರ ಊರಿನಿಂದ ಬಂದ ಹೆಂಗಸರು, ಡಾಕ್ಟರು ಈಗ ಸೂಜಿಗಿಂತ ಮುಂಚೆ ಬಹಳ ಹೊತ್ತು ಒತ್ತಿ ನೋಡುತ್ತಾರೆ, ಜೀವ ಹೋಗುವಂತೆ ನೋಯಿಸುತ್ತಾರೆ ಎಂದು ದೂರಿದರು. ನೋಯಲಿ ಎಂದೆ.

ಕರಗಿದ ಮೆತ್ತೆ ತಿರುಗಿ ಬರಲಿಲ್ಲ. ಮಳೆಗಾಲದಲ್ಲಿ ಇಂದಿಗೂ ಕಾಲು ಹಿಡಿದುಕೊಳ್ಳುತ್ತದೆ. ಆದರೂ ನಡೆಯುತ್ತೇನೆ, ನೀರು ತರುತ್ತೇನೆ, ಮಗಳ ಮದುವೆಯಲ್ಲಿ ಮೂರು ದಿನ ನಿಂತಿದ್ದೇನೆ. ಹಿಮ್ಮಡಿ ನೋಯುವ ತಂಗಿಯರೇ, ಸೂಜಿಗೆ ಹೆದರಬೇಡಿ. ನಿಮ್ಮ ಕಾಲನ್ನು ಕೈಯಲ್ಲಿ ಹಿಡಿಯದವರ ಸೂಜಿಗೆ ಹೆದರಿ.

ಬೆಳಗಿನ ಪೂಜೆಯಲ್ಲಿ ಮನೆಯವರ ಹೆಸರನ್ನೆಲ್ಲ ಒಂದೊಂದಾಗಿ ಹೇಳಿ ಒಳ್ಳೆಯದು ಬೇಡುತ್ತೇನೆ. ಅತ್ತೆಯ ಹೆಸರು ಹೇಳುತ್ತೇನೆ, ಈಗ ಅವರಿಲ್ಲ. ನಾದಿನಿಯ ಹೆಸರು ಹೇಳುತ್ತೇನೆ. ಜೇವರ್ಗಿಯ ಸಾಹೇಬರನ್ನೂ ನೆನೆಯುತ್ತೇನೆ, ಅವರ ದೇವರು ಬೇರೆ ಎಂದು ಶಿವ ಬೇಸರ ಮಾಡಿಕೊಂಡಿಲ್ಲ. ಅಳಿಯಂದಿರ ಹೆಸರು ಬಂದಾಗ ಬಾಯಿ ನಿಲ್ಲುತ್ತದೆ. ದಿನಾ ಒಂದು ಗಳಿಗೆ ಕಾಯುತ್ತೇನೆ, ಇಂದಾದರೂ ಬಂದೀತೇ ಎಂದು. ಬರುವುದಿಲ್ಲ. ಮುಂದಿನ ಹೆಸರಿಗೆ ಹೋಗುತ್ತೇನೆ.